ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡೂ ವೇಗದ ಕಟ್ಟಳೆಯೂ

ತಾನು ಹಣ ಕೊಟ್ಟು ಕೊಂಡ ವಸ್ತುವಿನಿಂದ ಒಡೆಯನು ಎಷ್ಟು ಕೆಲಸವನ್ನು ತೆಗೆಯಬಹುದು ಎಂಬುದು ಹಳೆಯ ಪ್ರಶ್ನೆ. ಎತ್ತನ್ನು ಕೊಂಡವನು ಅದರ ಬಲವನ್ನು ನೋಡಿ ಹೊರೆ ಹೇರುತ್ತಾನೆ. ಪಂಪ್‌ಸೆಟ್ಟನ್ನು ಕೊಂಡವನು ಬಾವಿಯ ಆಳವನ್ನೂ ನೀರಿನ ಒರತೆಯನ್ನೂ ನೋಡಿ ಅದನ್ನು ನಡೆಸುತ್ತಾನೆ. ಆದರೆ ಈ ಕಾಲದ ಕೆಲವು ಯಂತ್ರಗಳಲ್ಲಿ ಎಲ್ಲೆಯನ್ನು ಗೊತ್ತುಮಾಡುವವನು ಒಡೆಯನಲ್ಲ. ಕಾರ್ಖಾನೆಯಲ್ಲಿಯೇ ಆ ಎಲ್ಲೆ ನಿಶ್ಚಿತವಾಗಿ, ಯಂತ್ರದ ಒಳಗಿನ ಒಂದು ಪುಟ್ಟ ಚಿಪ್‌ನಲ್ಲಿ ಅಂಕಿಗಳ ರೂಪದಲ್ಲಿ ಬರೆಯಲ್ಪಟ್ಟಿರುತ್ತದೆ. ಆ ಅಂಕಿಗಳನ್ನು ಓದುವುದು ಹೇಗೆ, ತಿದ್ದುವುದು ಹೇಗೆ, ತಿದ್ದಿದರೆ ಏನಾಗುತ್ತದೆ, ತಿದ್ದುವ ಅಧಿಕಾರ ಯಾರದು ಎಂಬ ನಾಲ್ಕು ಮಾತುಗಳನ್ನು ಈ ಲೇಖನದಲ್ಲಿ ವಿವೇಚಿಸಬೇಕೆಂದಿದ್ದೇನೆ.

ನಮ್ಮದು ಕಲಾ ಕಾಲೇಜು. ಇಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಬಹುಮಂದಿ ಹೊಸ ಲ್ಯಾಪ್‌ಟಾಪ್ ಕೊಳ್ಳಲಾರದೆ, ಬೇರೊಬ್ಬರು ಬಳಸಿ ಬಿಟ್ಟದ್ದನ್ನು ಅಗ್ಗದ ಬೆಲೆಗೆ ಕೊಂಡವರು. ನಾನೂ ಅಂಥವರಲ್ಲೊಬ್ಬ. ನಾಟಕದ ಚಿತ್ರೀಕರಣವನ್ನು ಕತ್ತರಿಸಿ ಜೋಡಿಸುವಾಗಲಾಗಲಿ, ಬಿಡುವಿನಲ್ಲಿ ಆಟವಾಡುವಾಗಲಾಗಲಿ ಆ ಹಳೆಯ ಯಂತ್ರ ಏದುಸಿರು ಬಿಡುತ್ತದೆ. ಆಗ ಯಾರಾದರೂ ಮಿತ್ರರು ಬಂದು, “ಕಾರ್ಡನ್ನು ಓವರ್‌ಕ್ಲಾಕ್ ಮಾಡು, ಬಯಾಸ್ ಬದಲಾಯಿಸು” ಎಂದು ಉಪದೇಶ ಮಾಡುತ್ತಾರೆ. ಉಪದೇಶ ಸುಲಭ, ಕೆಟ್ಟರೆ ಇನ್ನೊಂದನ್ನು ಕೊಳ್ಳುವ ಶಕ್ತಿ ನಮಗಿಲ್ಲ. ಆದುದರಿಂದಲೇ ಕೈ ಹಾಕುವ ಮೊದಲು ವಿಷಯವನ್ನು ಚೆನ್ನಾಗಿ ತಿಳಿಯುವುದು ಅವಶ್ಯಕ.

ಮೊದಲು ಗ್ರಾಫಿಕ್ಸ್ ಕಾರ್ಡ್ ಎಂದರೇನೆಂದು ನೋಡೋಣ. ಪರದೆಯ ಮೇಲೆ ಕಾಣುವ ಚಿತ್ರವು ಲಕ್ಷಗಟ್ಟಲೆ ಚುಕ್ಕೆಗಳ ಸಮೂಹ. ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ ಲೆಕ್ಕ ಹಾಕಬೇಕು. ಈ ಲೆಕ್ಕಗಳು ಒಂದರಂತೆಯೇ ಇನ್ನೊಂದು ಇರುವುದರಿಂದ ಒಬ್ಬ ಮಹಾಪಂಡಿತನಿಗಿಂತ ನೂರಾರು ಮಂದಿ ಸಾಮಾನ್ಯ ಗುಮಾಸ್ತರು ಒಟ್ಟಿಗೆ ಕುಳಿತರೆ ಕೆಲಸ ಬೇಗ ಮುಗಿಯುತ್ತದೆ. ಗ್ರಾಫಿಕ್ಸ್ ಚಿಪ್ ಅಂಥ ಗುಮಾಸ್ತರ ಕಚೇರಿ. ಉದಾಹರಣೆಗೆ ಎನ್‌ವಿಡಿಯಾ ಕಂಪನಿಯು 2014ರಲ್ಲಿ ಲ್ಯಾಪ್‌ಟಾಪುಗಳಿಗಾಗಿ ಹೊರತಂದ ಜಿಟಿಎಕ್ಸ್ 860ಎಂ ಎಂಬ ಕಾರ್ಡನ್ನು ತೆಗೆದುಕೊಳ್ಳೋಣ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್‌ಗಳು ಮಾರಾಟವಾದವು! ಒಂದು ಕೆಪ್ಲರ್ ಜಾತಿಯದು. ಅದರಲ್ಲಿ 1152 ಗಣನ ಘಟಕಗಳು, ಮೂಲವೇಗ 797 ಮೆಗಾಹರ್ಟ್ಸ್. ಇನ್ನೊಂದು ಮ್ಯಾಕ್ಸ್‌ವೆಲ್ ಜಾತಿಯದು. ಅದರಲ್ಲಿ 640 ಘಟಕಗಳು, ಮೂಲವೇಗ 1029 ಮೆಗಾಹರ್ಟ್ಸ್. ಹಳೆಯದನ್ನು ಕೊಳ್ಳುವವರು ಹೆಸರನ್ನು ಮಾತ್ರ ನೋಡಿ ಮೋಸಹೋಗಬಾರದೆಂಬುದಕ್ಕೆ ಇದೊಂದು ನಿದರ್ಶನ. ನನ್ನ ಬಳಿ ಇರುವುದು ಎರಡನೆಯ ಬಗೆಯದಾದ್ದರಿಂದ ಮುಂದಿನ ಲೆಕ್ಕಗಳನ್ನು ಅದರ ಮೇಲೆಯೇ ಮಾಡುತ್ತೇನೆ.

1029 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 102 ಕೋಟಿ 90 ಲಕ್ಷ ತಾಳಗಳು. ಪ್ರತಿ ತಾಳಕ್ಕೂ ಚಿಪ್‌ನೊಳಗಿನ ಘಟಕಗಳು ಒಂದೊಂದು ಹೆಜ್ಜೆ ಮುಂದಕ್ಕಿಡುತ್ತವೆ. ಒಂದು ತಾಳಕ್ಕೂ ಮತ್ತೊಂದಕ್ಕೂ ನಡುವಣ ಕಾಲ ಒಂದು ನ್ಯಾನೋಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಬೆಳಕು ಕೂಡ 29 ಸೆಂಟಿಮೀಟರು, ಎಂದರೆ ಒಂದು ಅಡಿಗಿಂತ ಕಡಿಮೆ ದೂರ, ಮಾತ್ರ ಹೋಗಬಲ್ಲದು. ಇಷ್ಟು ಅಲ್ಪ ಅವಧಿಯಲ್ಲಿ ವಿದ್ಯುತ್ ಸಂಕೇತವು ಹಲವಾರು ಟ್ರಾನ್ಸಿಸ್ಟರುಗಳನ್ನು ದಾಟಿ, ಗುರಿಯನ್ನು ಮುಟ್ಟಿ, ಸ್ಥಿರವಾಗಿ ನಿಲ್ಲಬೇಕು. ನಿಲ್ಲುವ ಮೊದಲೇ ಮುಂದಿನ ತಾಳ ಬಿದ್ದರೆ ಲೆಕ್ಕ ತಪ್ಪುತ್ತದೆ. ತಾಳವನ್ನು ಕಾರ್ಖಾನೆ ಗೊತ್ತುಮಾಡಿದ್ದಕ್ಕಿಂತ ತ್ವರೆಗೊಳಿಸುವುದೇ ಓವರ್‌ಕ್ಲಾಕಿಂಗ್.

ಕಾರ್ಖಾನೆಯವರು ಗೊತ್ತುಮಾಡಿದ ವೇಗವೇ ಗರಿಷ್ಠವಾಗಿದ್ದರೆ ಇದು ಸಾಧ್ಯವೇ ಆಗುತ್ತಿರಲಿಲ್ಲ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳು ಒಂದೇ ಹೊಲದ ತೆನೆಗಳಂತೆ. ಎಲ್ಲವೂ ಸಮನಾಗಿ ಬಲಿತಿರುವುದಿಲ್ಲ. ಕೆಲವು ಕಡಮೆ ವೋಲ್ಟೇಜಿನಲ್ಲಿಯೇ ಹೆಚ್ಚು ವೇಗವನ್ನು ತಾಳುತ್ತವೆ, ಕೆಲವು ತಾಳವು. ಮಾರುವವನು ದುರ್ಬಲವಾದುದೂ ವರ್ಷಗಟ್ಟಲೆ ತಪ್ಪಿಲ್ಲದೆ ದುಡಿಯುವಂತೆ, ಬೇಸಗೆಯ ಧಗೆಯಲ್ಲಿಯೂ ಉಳಿಯುವಂತೆ, ಎಲ್ಲಕ್ಕೂ ಒಂದೇ ಕ್ಷೇಮವಾದ ಎಲ್ಲೆಯನ್ನು ಹಾಕುತ್ತಾನೆ. ಆ ಎಲ್ಲೆಗೂ ನಿಮ್ಮ ಚಿಪ್‌ನ ನಿಜವಾದ ಶಕ್ತಿಗೂ ನಡುವೆ ಇರುವ ಅಂತರವೇ ಓವರ್‌ಕ್ಲಾಕ್ ಮಾಡುವವನ ಬಂಡವಾಳ. ಆ ಅಂತರ ಎಷ್ಟೆಂಬುದು ಪ್ರತಿಯೊಂದು ಚಿಪ್‌ಗೂ ಬೇರೆ. ಆದಕಾರಣ ಸ್ನೇಹಿತನ ಯಂತ್ರದಲ್ಲಿ ನಡೆದ ವೇಗ ನಮ್ಮದರಲ್ಲಿ ನಡೆದೀತೆಂದು ನಂಬತಕ್ಕದ್ದಲ್ಲ.

ಇನ್ನು ಈ ಎಲ್ಲೆಯನ್ನು ಎಲ್ಲಿ ಬರೆದಿರುತ್ತಾರೆ? ಕಾರ್ಡಿಗೆ ಸೇರಿದ ಒಂದು ಎಂಟು ಕಾಲಿನ ಫ್ಲ್ಯಾಶ್ ಚಿಪ್‌ನಲ್ಲಿ. ಅದರಲ್ಲಿರುವ ಬರಹಕ್ಕೆ ವಿಡಿಯೋ ಬಯಾಸ್ ಎಂದು ಹೆಸರು; ಇದೇ ಕಾರ್ಡಿನ ಫರ್ಮ್‌ವೇರ್. ಯಂತ್ರವನ್ನು ಚಾಲೂ ಮಾಡಿದೊಡನೆ ಪರದೆಗೆ ಜೀವ ಕೊಡುವುದು ಇದರ ಮೊದಲ ಕೆಲಸ. ಇದಲ್ಲದೆ ಯಾವ ವೇಗಕ್ಕೆ ಎಷ್ಟು ವೋಲ್ಟೇಜು, ಹೆಚ್ಚೆಂದರೆ ಎಷ್ಟು ವಾಟ್, ಎಷ್ಟು ಬಿಸಿಯಾದರೆ ವೇಗವನ್ನು ಇಳಿಸಬೇಕು ಎಂಬ ಕೋಷ್ಟಕಗಳೂ ಇದರಲ್ಲಿವೆ. ಕಾರ್ಡು ಬಿಡಿಯಾಗಿ ಕಳಚಬಹುದಾದ ಎಂಎಕ್ಸ್‌ಎಂ ಮಾದರಿಯದಾಗಿದ್ದರೆ ಈ ಚಿಪ್ ಕಾರ್ಡಿನ ಮೇಲೆಯೇ ಇರುತ್ತದೆ. ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡಿಗೇ ಬೆಸೆದಿದ್ದರೆ ಹಲವು ವೇಳೆ ಈ ಬರಹವು ಲ್ಯಾಪ್‌ಟಾಪಿನ ಮುಖ್ಯ ಬಯಾಸಿನ ಒಂದು ಅಧ್ಯಾಯವಾಗಿ ಸೇರಿಕೊಂಡಿರುತ್ತದೆ. ಈ ಭೇದವನ್ನು ಚೆನ್ನಾಗಿ ನೆನಪಿಡಬೇಕು. ಮೊದಲನೆಯದರಲ್ಲಿ ಎಡವಿದರೆ ಕಾರ್ಡು ಮಾತ್ರ ಮೂಕವಾದೀತು. ಎರಡನೆಯದರಲ್ಲಿ ಎಡವಿದರೆ ಇಡೀ ಯಂತ್ರವೇ ಏಳದೆ ಹೋದೀತು.

ಈ ಬರಹದ ರಚನೆ ನೋಡುವುದಕ್ಕೆ ಸ್ವಾರಸ್ಯವಾಗಿದೆ. ಐಬಿಎಂ ಕಂಪನಿಯ 1981ರ ಪರ್ಸನಲ್ ಕಂಪ್ಯೂಟರಿನ ಕಾಲದಿಂದ ಬಂದ ಸಂಪ್ರದಾಯದಂತೆ ಇದರ ಮೊದಲನೆಯ ಬೈಟು 85, ಎರಡನೆಯದು 170. ಇವು ಓಲೆಗೆ ‘ಶ್ರೀ’ಕಾರ ಹಾಕಿದಂತೆ. ಮೂರನೆಯ ಬೈಟು ಬರಹದ ಉದ್ದವನ್ನು ಹೇಳುತ್ತದೆ. ಅಲ್ಲಿ 120 ಎಂದಿದ್ದರೆ 512 ಬೈಟುಗಳ 120 ಕಂತೆ, ಎಂದರೆ 61440 ಬೈಟು ಎಂದರ್ಥ. ಅಂಕಿಗಳನ್ನು ಬರೆಯುವ ಕ್ರಮವೂ ವಿಚಿತ್ರ. ಚಿಕ್ಕ ಸ್ಥಾನ ಮೊದಲು, ದೊಡ್ಡ ಸ್ಥಾನ ಆಮೇಲೆ. 1029 ಎಂಬ ಸಂಖ್ಯೆ ನಾಲ್ಕು 256 ಮತ್ತು ಐದು. ಅದನ್ನು ಎರಡು ಬೈಟುಗಳಲ್ಲಿ ಬರೆಯುವಾಗ 5, 4 ಎಂದು ಹಿಂದುಮುಂದಾಗಿ ಬರೆಯುತ್ತಾರೆ. ಕೋಷ್ಟಕದಲ್ಲಿ ವೇಗವು ನೇರವಾಗಿ ಇದೇ ರೂಪದಲ್ಲಿಯೇ ಇರಬೇಕೆಂದಿಲ್ಲ. ಕ್ರಮ ಮಾತ್ರ ಇದೇ.

ಇದಕ್ಕೆ ಒಂದು ತಾಳೆಯೂ ಉಂಟು. ಎಲ್ಲ ಬೈಟುಗಳನ್ನೂ ಕೂಡಿದರೆ ಬರುವ ಮೊತ್ತವು 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ವೇಗದ ಕೋಷ್ಟಕದಲ್ಲಿ ಒಂದು ಬೈಟನ್ನು 9ರಷ್ಟು ಏರಿಸಿದರೆ ತಾಳೆಯ ಬೈಟನ್ನು 9ರಷ್ಟು ಇಳಿಸಬೇಕು. ಇಲ್ಲದಿದ್ದರೆ ಬರಹ ಕೆಟ್ಟಿದೆಯೆಂದು ಯಂತ್ರ ತಿಳಿಯುತ್ತದೆ. ನಮ್ಮ ಹಿರಿಯರು ಗುಣಾಕಾರವನ್ನು ಪರೀಕ್ಷಿಸಲು ಒಂಬತ್ತನ್ನು ಕಳೆದು ತಾಳೆ ನೋಡುತ್ತಿದ್ದರಷ್ಟೆ, ಹಾಗೆಯೇ ಇದು. ಇಂಥ ತಾಳೆ ಕೈತಪ್ಪನ್ನು ಹಿಡಿಯುತ್ತದೆಯೇ ಹೊರತು ಬೇಕೆಂದೇ ತಿದ್ದಿದವನನ್ನು ಹಿಡಿಯಲಾರದು. ಕೆಪ್ಲರ್, ಮ್ಯಾಕ್ಸ್‌ವೆಲ್ ಜಾತಿಯ ಕಾರ್ಡುಗಳಿಗೆ ಹವ್ಯಾಸಿಗಳು ಬರೆದ ‘ಕೆಪ್ಲರ್ ಬಯಾಸ್ ಟ್ವೀಕರ್’, ‘ಮ್ಯಾಕ್ಸ್‌ವೆಲ್ ಟು ಬಯಾಸ್ ಟ್ವೀಕರ್’ ಎಂಬ ತಂತ್ರಾಂಶಗಳು ಕೋಷ್ಟಕಗಳನ್ನು ತೆರೆದು ತೋರಿಸಿ, ತಿದ್ದಿದ ಮೇಲೆ ಈ ತಾಳೆಯನ್ನೂ ತಾವೇ ಸರಿಪಡಿಸುತ್ತವೆ. ತಿದ್ದಿದ ಬರಹವನ್ನು ಚಿಪ್‌ಗೆ ಇಳಿಸಲು ‘ಎನ್‌ವಿಫ್ಲ್ಯಾಶ್’ ಎಂಬ ಉಪಕರಣವುಂಟು.

ಇಷ್ಟೆಲ್ಲ ತೊಂದರೆ ಏತಕ್ಕೆ, ಮಾಮೂಲು ತಂತ್ರಾಂಶದಿಂದಲೇ ವೇಗವನ್ನು ಏರಿಸಬಾರದೆ ಎಂದು ಕೇಳಬಹುದು. ಏರಿಸಬಹುದು; ಆದರೆ ಮ್ಯಾಕ್ಸ್‌ವೆಲ್ ಲ್ಯಾಪ್‌ಟಾಪ್ ಕಾರ್ಡುಗಳಲ್ಲಿ ಅದಕ್ಕೆ 135 ಮೆಗಾಹರ್ಟ್ಸಿನ ಗಡಿ ಉಂಟು. 1029 ಇದ್ದದ್ದು 1164 ಆಗಬಹುದು, ಎಂದರೆ ನೂರಕ್ಕೆ 13 ಹೆಚ್ಚು. ಅದರಾಚೆ ಹೋಗಬೇಕಾದರೆ, ಅಥವಾ ವೋಲ್ಟೇಜನ್ನು ಬದಲಿಸಬೇಕಾದರೆ, ಫರ್ಮ್‌ವೇರನ್ನೇ ತಿದ್ದಬೇಕು. 2015ರ ಆರಂಭದಲ್ಲಿ ಕಂಪನಿಯು ತನ್ನ ಡ್ರೈವರಿನ ಮೂಲಕ ಲ್ಯಾಪ್‌ಟಾಪುಗಳಲ್ಲಿ ಈ 135ನ್ನೂ ತೆಗೆದುಹಾಕಿತು. ಬಳಕೆದಾರರು ಗದ್ದಲ ಮಾಡಿದ ಮೇಲೆ ಮತ್ತೆ ಕೊಟ್ಟಿತು. ಒಡೆಯನ ಕೈಯಲ್ಲಿದ್ದ ಯಂತ್ರದ ಗುಣವು ದೂರದ ಕಚೇರಿಯೊಂದರ ತೀರ್ಮಾನದಿಂದ ರಾತ್ರೋರಾತ್ರಿ ಬದಲಾದುದನ್ನು ನಾವು ಗಮನಿಸತಕ್ಕದ್ದು.

ಈಗ ಬಹು ಮುಖ್ಯವಾದ ವಿಷಯಕ್ಕೆ ಬರೋಣ, ಅದು ಶಾಖ. ಚಿಪ್ ನುಂಗುವ ವಿದ್ಯುತ್ತಿನ ದೊಡ್ಡ ಭಾಗವು ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೋಲ್ಟೇಜನ್ನು ಮುಟ್ಟದೆ ವೇಗವನ್ನು ನೂರಕ್ಕೆ 10 ಏರಿಸಿದರೆ ಈ ಖರ್ಚೂ 10 ಏರುತ್ತದೆ. ಆದರೆ ಆ ವೇಗವನ್ನು ತಾಳುವುದಕ್ಕಾಗಿ ವೋಲ್ಟೇಜನ್ನೂ ನೂರಕ್ಕೆ 5 ಏರಿಸಿದೆವೆನ್ನಿ. ಆಗ 1.10ನ್ನು 1.05ರಿಂದ ಎರಡು ಸಲ ಗುಣಿಸಬೇಕು. ಬರುವುದು ಸುಮಾರು 1.21. ಐವತ್ತು ವಾಟ್ ಅರವತ್ತಾಯಿತು! ಸಿಕ್ಕಿದ ವೇಗ ಹತ್ತು, ತೆತ್ತ ಶಾಖ ಇಪ್ಪತ್ತೊಂದು. ಇಂಥ ವ್ಯಾಪಾರವನ್ನು ಯಾವ ಶೆಟ್ಟಿಯೂ ಒಪ್ಪಲಾರ.

ಮೇಜಿನ ಮೇಲಣ ದೊಡ್ಡ ಕಂಪ್ಯೂಟರಿನಲ್ಲಿ ದೊಡ್ಡ ಫ್ಯಾನು ಹಾಕಿ ಈ ಶಾಖವನ್ನು ಹೊರಹಾಕಬಹುದು. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಎಡೆಯಿಲ್ಲ. ಅನೇಕ ಲ್ಯಾಪ್‌ಟಾಪುಗಳಲ್ಲಿ ಮುಖ್ಯ ಪ್ರೊಸೆಸರೂ ಗ್ರಾಫಿಕ್ಸ್ ಚಿಪ್ಪೂ ಒಂದೇ ತಾಮ್ರದ ಶಾಖನಾಳವನ್ನು ಹಂಚಿಕೊಂಡಿರುತ್ತವೆ. ಒಂದು ಬಿಸಿಯಾದರೆ ಇನ್ನೊಂದಕ್ಕೂ ಜ್ವರ. ಅಡಾಪ್ಟರಿಗೂ ಒಂದು ಮಿತಿ ಇದೆ. 120 ವಾಟಿನ ಅಡಾಪ್ಟರು 120 ವಾಟನ್ನೇ ಕೊಡಬೇಕು. ಬಿಸಿ ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆದುದರಿಂದ ಈಗಾಗಲೇ ಬಿಸಿಯಿಂದ ಬಳಲುತ್ತಿರುವ ಲ್ಯಾಪ್‌ಟಾಪಿನ ವೇಗದ ಅಂಕಿಯನ್ನು ಏರಿಸುವುದು ಏರಿಯಲ್ಲಿ ಬಸವಳಿದ ಎತ್ತಿಗೆ ಬಾರುಕೋಲು ಬೀಸಿದಂತೆ. ಐದು ನಿಮಿಷ ಓಡಿ, ಆಮೇಲೆ ಮೊದಲಿಗಿಂತ ನಿಧಾನವಾಗುತ್ತದೆ.

ಶಾಖದ ಕೇಡು ಕೂಡಲೆ ಕಾಣುವುದಿಲ್ಲ. ಚಿಪ್‌ನೊಳಗಿನ ಸೂಕ್ಷ್ಮ ತಂತಿಗಳಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಅಣುಗಳನ್ನು ಮೆಲ್ಲಮೆಲ್ಲಗೆ ತಳ್ಳಿಕೊಂಡು ಹೋಗಿ ಕೊನೆಗೆ ತಂತಿಯನ್ನೇ ಕಡಿಯುತ್ತವೆ. ಹೊಳೆಯ ನೀರು ದಡವನ್ನು ಕೊರೆಯುವಂತೆ ಇದು. ವಿದ್ಯುತ್ ಪ್ರವಾಹದ ಸಾಂದ್ರತೆಯೂ ಉಷ್ಣತೆಯೂ ಹೆಚ್ಚಿದಷ್ಟು ತಂತಿಯ ಆಯುಷ್ಯ ಕಡಿಮೆಯಾಗುತ್ತದೆಂಬುದನ್ನು ಜೇಮ್ಸ್ ಬ್ಲ್ಯಾಕ್ ಎಂಬ ಅಮೆರಿಕದ ವಿಜ್ಞಾನಿ 1960ರ ದಶಕದಲ್ಲಿಯೇ ಸಮೀಕರಣದ ಮೂಲಕ ತೋರಿಸಿದರು. ಇನ್ನೊಂದು ಕೇಡು ಬೆಸುಗೆಯದು. ಬಿಸಿಯಾಗುವುದು, ಆರುವುದು, ಮತ್ತೆ ಬಿಸಿಯಾಗುವುದು, ಹೀಗೆ ಸಾವಿರ ಸಲ ಆದರೆ ಚಿಪ್‌ನ ಅಡಿಯ ಬೆಸುಗೆಯ ಬಿಂದುಗಳು ಬಿರಿಯುತ್ತವೆ. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿಯು ತನ್ನ ಹಿಂದಿನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಜೋಡಣೆಯ ಸಾಮಗ್ರಿ ದುರ್ಬಲವಾಗಿದ್ದುದರಿಂದ ಅವುಗಳ ದುರಸ್ತಿ, ಬದಲಾವಣೆಗಳ ಲೆಕ್ಕಕ್ಕೆ 15ರಿಂದ 20 ಕೋಟಿ ಡಾಲರುಗಳನ್ನು ತೆಗೆದಿಡುವುದಾಗಿ ಪ್ರಕಟಿಸಿತು. ಕಾರ್ಖಾನೆ ವಿಧಿಸಿದ ವೇಗದಲ್ಲಿ ಓಡಿದವುಗಳಿಗೇ ಈ ಗತಿಯಾದರೆ, ವೇಗ ಏರಿಸಿದವುಗಳ ಮಾತೇನು?

ಹಾಗಾದರೆ ಕೈ ಕಟ್ಟಿ ಕೂರಬೇಕೆ? ಹಾಗೆ ನನ್ನ ಅಭಿಪ್ರಾಯವಲ್ಲ. ಕ್ರಮವರಿತು ಮಾಡಬೇಕೆಂಬುದೇ ನನ್ನ ಅರಿಕೆ. ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ಹಳೆಯ ಲ್ಯಾಪ್‌ಟಾಪನ್ನು ಬಿಚ್ಚಿ ಫ್ಯಾನಿನ ಧೂಳನ್ನು ತೆಗೆದು, ಒಣಗಿ ಹೋದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಬೇಕು. ನಾಲ್ಕಾರು ವರ್ಷ ಬಳಸಿದ ಯಂತ್ರದಲ್ಲಿ ಎಷ್ಟೋ ವೇಳೆ ಇದೊಂದರಿಂದಲೇ ಕಳೆದುಹೋದ ವೇಗ ಮರಳುತ್ತದೆ. ಎರಡನೆಯದಾಗಿ, ಫರ್ಮ್‌ವೇರಿಗೆ ಕೈ ಹಾಕದೆ, ಸಾಧಾರಣ ತಂತ್ರಾಂಶದಿಂದ ಹತ್ತಿಪ್ಪತ್ತು ಮೆಗಾಹರ್ಟ್ಸಿನಂತೆ ಏರಿಸುತ್ತ ಹೋಗಿ, ಪ್ರತಿ ಮೆಟ್ಟಿಲಿನಲ್ಲಿಯೂ ‘ಹೆವನ್’ನಂತಹ ಪರೀಕ್ಷಾ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಬೇಕು. ಪರದೆಯ ಮೇಲೆ ಬಣ್ಣದ ಚುಕ್ಕೆಗಳೋ ಪಟ್ಟೆಗಳೋ ಕಂಡರೆ ಎಲ್ಲೆ ಮೀರಿದೆಯೆಂದು ತಿಳಿಯಬೇಕು. ಕಾರ್ಡು ಎರಡು ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ವ್ಯವಸ್ಥೆಯೇ ಡ್ರೈವರನ್ನು ನಿಲ್ಲಿಸಿ ಮತ್ತೆ ಆರಂಭಿಸುತ್ತದೆ. ಅದೂ ಒಂದು ಎಚ್ಚರಿಕೆಯೆ. ಈ ಹಂತದಲ್ಲಿ ಆದ ತಪ್ಪೆಲ್ಲವೂ ಯಂತ್ರವನ್ನು ಆರಿಸಿ ಹಚ್ಚಿದರೆ ಅಳಿಸಿಹೋಗುತ್ತದೆ. ಫರ್ಮ್‌ವೇರಿನಲ್ಲಿ ಬರೆದುದು ಹಾಗಲ್ಲ.

ಮೂರನೆಯದಾಗಿ, ಮೂಲ ಫರ್ಮ್‌ವೇರನ್ನು ‘ಜಿಪಿಯು-ಝಡ್’ ಅಥವಾ ಎನ್‌ವಿಫ್ಲ್ಯಾಶ್ ಮೂಲಕ ಓದಿ ಪ್ರತಿ ತೆಗೆಯಬೇಕು. ಎರಡು ಸಲ ಓದಿ, ಎರಡೂ ಪ್ರತಿಗಳು ಅಕ್ಷರಶಃ ಒಂದೇ ಆಗಿವೆಯೆ ಎಂದು ಹೋಲಿಸಿ, ಪೆನ್‌ಡ್ರೈವಿನಲ್ಲಿಯೂ ಬೇರೊಂದು ಕಂಪ್ಯೂಟರಿನಲ್ಲಿಯೂ ಇಡಬೇಕು. ಬೇರೆಯವರ ಯಂತ್ರದ ಬಯಾಸನ್ನು ತಂದು ನಮ್ಮದಕ್ಕೆ ಹಾಕುವುದು ಶುದ್ಧ ಅವಿವೇಕ. ಹೆಸರು ಒಂದೇ ಆದರೂ ಒಳಗಿನ ಚಿಪ್ ಬೇರೆಯಾಗಿರಬಹುದೆಂಬುದನ್ನು 860ಎಂ ಕಾರ್ಡಿನ ಉದಾಹರಣೆಯಲ್ಲಿಯೇ ಕಂಡೆವು. ಬರೆಯುವಾಗ ಬ್ಯಾಟರಿ ತುಂಬಿರಬೇಕು, ಅಡಾಪ್ಟರೂ ಸೇರಿಸಿರಬೇಕು. ನಡುವೆ ಕರೆಂಟು ಹೋದರೆ ಅರ್ಧ ಬರೆದ ಓಲೆಯಾಗುತ್ತದೆ. ಬರೆಯುವ ಮೊದಲು ಗ್ರಾಫಿಕ್ಸ್ ಡ್ರೈವರನ್ನು ನಿಷ್ಕ್ರಿಯಗೊಳಿಸಬೇಕು.

ಒಂದು ವೇಳೆ ಕೆಟ್ಟರೆ? 2010ರಿಂದ ಬಂದ ಆಪ್ಟಿಮಸ್ ವ್ಯವಸ್ಥೆಯ ಲ್ಯಾಪ್‌ಟಾಪುಗಳಲ್ಲಿ ಪರದೆಗೆ ಚಿತ್ರ ಕಳುಹಿಸುವುದು ಮುಖ್ಯ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್. ಆದುದರಿಂದ ದೊಡ್ಡ ಕಾರ್ಡು ಮೂಕವಾದರೂ ಬಹುಮಟ್ಟಿಗೆ ಯಂತ್ರ ಏಳುತ್ತದೆ, ಮೂಲಪ್ರತಿಯನ್ನು ಮತ್ತೆ ಬರೆಯಬಹುದು. ಅದೂ ಆಗದಿದ್ದರೆ ಫ್ಲ್ಯಾಶ್ ಚಿಪ್‌ನ ಎಂಟು ಕಾಲುಗಳಿಗೆ ಕ್ಲಿಪ್ಪು ಕಚ್ಚಿಸಿ, ಪ್ರೋಗ್ರಾಮರ್ ಎಂಬ ಅಗ್ಗದ ಸಲಕರಣೆಯಿಂದ ಹೊರಗಿನಿಂದಲೇ ಬರೆಯಬೇಕು. ಇಲ್ಲಿ ಒಂದು ಎಚ್ಚರ. ಕೆಲವು ಚಿಪ್‌ಗಳು 3.3 ವೋಲ್ಟಿನವು, ಕೆಲವು 1.8 ವೋಲ್ಟಿನವು. ಎರಡನೆಯದಕ್ಕೆ ಮೊದಲನೆಯ ವೋಲ್ಟೇಜು ಕೊಟ್ಟರೆ ಚಿಪ್ ಸುಟ್ಟುಹೋಗಬಹುದು. ಈ ಕೊನೆಯ ಉಪಾಯ ಕೈಯಲ್ಲಿಲ್ಲದವನು ಮೊದಲ ಹೆಜ್ಜೆಯನ್ನೇ ಇಡಬಾರದು.

ನಾನು ಕೊನೆಗೆ ಏನು ತಿದ್ದಿದೆನೆಂದು ಕೇಳಿದರೆ ಓದುಗರಿಗೆ ನಗೆ ಬಂದೀತು. ಹೆಚ್ಚಿನವರು ವೋಲ್ಟೇಜನ್ನು ಏರಿಸುವುದಕ್ಕೆ ಫರ್ಮ್‌ವೇರನ್ನು ತಿದ್ದುತ್ತಾರೆ. ನಾನು ಇಳಿಸುವುದಕ್ಕೆ ತಿದ್ದಿದೆ. ಲೆಕ್ಕ ನೋಡಿ. ವೇಗವನ್ನು ನೂರಕ್ಕೆ 5 ಏರಿಸಿ, ವೋಲ್ಟೇಜನ್ನು ನೂರಕ್ಕೆ 5 ಇಳಿಸಿದರೆ, 1.05ನ್ನು 0.95ರಿಂದ ಎರಡು ಸಲ ಗುಣಿಸಬೇಕು. ಬರುವುದು ಸುಮಾರು 0.95. ವೇಗವೂ ಹೆಚ್ಚಿತು, ಶಾಖವೂ ನೂರಕ್ಕೆ 5 ಇಳಿಯಿತು! ಚಿಪ್ ಇದನ್ನು ತಾಳಬೇಕು, ಅಷ್ಟೆ. ಅದು ನಮ್ಮ ನಮ್ಮ ಅದೃಷ್ಟ. ನನ್ನದು ತಾಳಿತು. ಆರಂಭದ ಐದು ನಿಮಿಷದ ವೇಗ ಒಂದು ಗಂಟೆಯ ಮೇಲೂ ಉಳಿಯಿತು. ಲ್ಯಾಪ್‌ಟಾಪಿನಲ್ಲಿ ಜಾಣತನವಿರುವುದು ಓಟದಲ್ಲಲ್ಲ, ಬಾಳಿಕೆಯಲ್ಲಿ ಎಂದು ಇದರಿಂದ ನನಗೆ ಮನವರಿಕೆಯಾಯಿತು.

ಲಾಭದ ಬಗೆಗೂ ಒಂದು ಮಾತು. ವೇಗವನ್ನು ನೂರಕ್ಕೆ 13 ಏರಿಸಿದರೆ ಸೆಕೆಂಡಿಗೆ 40 ಚಿತ್ರ ಬರುತ್ತಿದ್ದ ಕಡೆ ಹೆಚ್ಚೆಂದರೆ 45 ಬರಬಹುದು. ಮುಖ್ಯ ಪ್ರೊಸೆಸರೇ ನಿಧಾನವಾಗಿದ್ದರೆ ಅದೂ ಇಲ್ಲ. ಕಾರ್ಡಿನ ಮೆಮೊರಿಯ ದಾರಿ ಕಿರಿದಾಗಿದ್ದರೂ ಅಷ್ಟೆ. 860ಎಂ ಕಾರ್ಡಿನಲ್ಲಿ ಆ ದಾರಿಯ ಅಗಲ 128 ಬಿಟ್, ಎಂದರೆ 16 ಬೈಟು. ಸೆಕೆಂಡಿಗೆ 500 ಕೋಟಿ ಸಲ ಸಾಗಿಸಿದರೆ 80 ಗಿಗಾಬೈಟು. ಅದನ್ನು ಮೀರಿ ಗುಮಾಸ್ತರು ಎಷ್ಟು ಚುರುಕಾದರೂ ಕಡತ ಬರುವವರೆಗೆ ಕಾದು ಕೂರಬೇಕು.

ಕಡೆಯ ಪ್ರಶ್ನೆ ಉಳಿಯಿತು: ತಿದ್ದುವ ಅಧಿಕಾರ ಯಾರದು? 2016ರಲ್ಲಿ ಬಂದ ಪಾಸ್ಕಲ್ ಜಾತಿಯ ಕಾರ್ಡುಗಳಿಂದ ಈಚೆಗೆ ಎನ್‌ವಿಡಿಯಾ ತನ್ನ ಫರ್ಮ್‌ವೇರಿಗೆ ಅಂಕಿತಮುದ್ರೆಯನ್ನು ಹಾಕುತ್ತದೆ. ಇದು ಹಿಂದೆ ಹೇಳಿದ ತಾಳೆಯಂತಲ್ಲ. ಕಂಪನಿಯ ಬಳಿ ಮಾತ್ರವಿರುವ ಗುಪ್ತ ಕೀಲಿಯಿಂದ ಒತ್ತಿದ ಮುದ್ರೆ. ಒಂದು ಬೈಟು ಬದಲಾದರೂ ಮುದ್ರೆ ಒಡೆಯುತ್ತದೆ, ಕಾರ್ಡು ಆ ಬರಹವನ್ನು ಒಪ್ಪುವುದಿಲ್ಲ. ಇದಕ್ಕೆ ಕಂಪನಿಯ ಕಡೆಯಿಂದ ನ್ಯಾಯವಾದ ಕಾರಣವೂ ಉಂಟು. ಹಳೆಯ, ದುರ್ಬಲ ಕಾರ್ಡುಗಳ ಫರ್ಮ್‌ವೇರನ್ನು ತಿದ್ದಿ, ಹೊಸ ಕಾರ್ಡಿನ ಹೆಸರು ಬರೆದು ಮಾರುವ ವಂಚಕರು ಹೆಚ್ಚಿದ್ದರು. ಇಂಥ ಸುಳ್ಳು ಕಾರ್ಡುಗಳನ್ನು ಗುರುತಿಸುವ ವ್ಯವಸ್ಥೆಯನ್ನು 2018ರಲ್ಲಿ ಜಿಪಿಯು-ಝಡ್ ತಂತ್ರಾಂಶಕ್ಕೆ ಸೇರಿಸಬೇಕಾಯಿತು. ಹಳೆಯ ಲ್ಯಾಪ್‌ಟಾಪುಗಳನ್ನು ಕೊಳ್ಳುವ ನಮ್ಮಂಥವರಿಗೆ ಈ ಮುದ್ರೆ ಒಂದು ರಕ್ಷಣೆಯೂ ಹೌದು.

ಆದರೆ ಬೀಗವು ಕಳ್ಳನನ್ನು ಮಾತ್ರ ತಡೆಯುವುದಿಲ್ಲ, ಮನೆಯವನನ್ನೂ ತಡೆಯುತ್ತದೆ. ಲೀನಕ್ಸ್ ವ್ಯವಸ್ಥೆಗಾಗಿ ಸ್ವಯಂಸೇವಕರು ಬರೆದ ‘ನೂವೋ’ ಎಂಬ ಸ್ವತಂತ್ರ ಡ್ರೈವರಿನ ಕಥೆ ಇದಕ್ಕೆ ಸಾಕ್ಷಿ. ಮ್ಯಾಕ್ಸ್‌ವೆಲ್‌ನ ಎರಡನೆಯ ಪೀಳಿಗೆಯಿಂದ ವೇಗವನ್ನು ಆಳುವ ಒಳ ಫರ್ಮ್‌ವೇರಿಗೂ ಮುದ್ರೆ ಬಂದುದರಿಂದ ಅವರ ಡ್ರೈವರು ಆ ಕಾರ್ಡುಗಳನ್ನು ಚಾಲೂ ಆದಾಗಿನ ಮಂದಗತಿಯಿಂದ ಮೇಲೆತ್ತಲಾರದೆ ಹೋಯಿತು. ಅವರು ಕೇಳಿದ್ದು ಎಲ್ಲೆ ಮೀರುವ ಅವಕಾಶವನ್ನಲ್ಲ, ಕಾರ್ಖಾನೆ ವಿಧಿಸಿದ ವೇಗವನ್ನೇ! ಟ್ಯೂರಿಂಗ್ ಮತ್ತು ಅದರ ಮುಂದಿನ ಜಾತಿಗಳಿಗೆ ಕಂಪನಿಯೇ ಬೇರೆ ಫರ್ಮ್‌ವೇರನ್ನು ಒದಗಿಸಿದ ಮೇಲೆ, 2024ರ ಆರಂಭದ ಲೀನಕ್ಸ್ ಆವೃತ್ತಿಯಲ್ಲಿ, ಅವುಗಳ ಮಟ್ಟಿಗೆ ಈ ತೊಡಕು ಬಿಡಿಸಿತು. ನಮ್ಮ ದೇಶದಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗೆಗೆ ಜಾಲತಾಣವೊಂದನ್ನು ತೆರೆಯಿತು. ದುರಸ್ತಿ ಬೇರೆ, ಮಾರ್ಪಾಡು ಬೇರೆ, ನಿಜ. ಆದರೆ ಕೊಂಡವನಿಗೆ ತನ್ನ ವಸ್ತುವಿನ ಒಳಗನ್ನು ತಿಳಿಯುವ ಹಕ್ಕಿದೆಯೆ ಎಂಬ ಪ್ರಶ್ನೆ ಎರಡಕ್ಕೂ ತಾಯಿ.

ನನ್ನ ಅಭಿಪ್ರಾಯವಿಷ್ಟು. ತಿದ್ದಿದವನು ಗ್ಯಾರಂಟಿಯ ಆಸೆಯನ್ನು ಬಿಡಬೇಕು. ತಿದ್ದಿದ ಯಂತ್ರವನ್ನು ಇನ್ನೊಬ್ಬರಿಗೆ ಮಾರುವಾಗ ಆ ಸಂಗತಿಯನ್ನು ಮುಚ್ಚಿಡಬಾರದು, ಸಾಧ್ಯವಾದರೆ ಮೂಲಪ್ರತಿಯನ್ನು ಮತ್ತೆ ಬರೆದು ಕೊಡಬೇಕು. ಇಷ್ಟು ಹೊಣೆಯನ್ನು ಹೊತ್ತವನಿಗೆ ತನ್ನ ಯಂತ್ರದ ಅಂಕಿಗಳನ್ನು ಓದುವ, ಬೇಕಾದರೆ ತಿದ್ದುವ ಸ್ವಾತಂತ್ರ್ಯ ಇರಬೇಕು. ತಿದ್ದಲೇಬೇಕೆಂದು ನಾನು ಯಾರನ್ನೂ ಪ್ರೇರಿಸುವುದಿಲ್ಲ. ಓದುವುದಕ್ಕಂತೂ ಎಲ್ಲರನ್ನೂ ಪ್ರೇರಿಸುತ್ತೇನೆ. ಅರವತ್ತು ಸಾವಿರ ಬೈಟುಗಳ ಆ ಚಿಕ್ಕ ಬರಹದಲ್ಲಿ ಭೌತಶಾಸ್ತ್ರವಿದೆ, ಗಣಿತವಿದೆ, ವ್ಯಾಪಾರವಿದೆ, ನೀತಿಯೂ ಇದೆ. ಕಲಾ ಕಾಲೇಜಿನ ವಿದ್ಯಾರ್ಥಿಗಳಿಗೆ ಅದು ಅನ್ಯವೆಂದು ಯಾರು ಹೇಳಿದರು?